ಡಾಲರ್ ರೇಟು, ಕಾಫಿ ಮೂಟೆ, ಹೋಂಸ್ಟೇ ರೂಮು: ವಿನಿಮಯ ದರದ ಲೆಕ್ಕ ಹಾಕುವುದು ಹೇಗೆ

ರೂಪಾಯಿ ಕುಸಿಯಿತು ಎಂಬ ಸುದ್ದಿ ಬಂದ ದಿನ ಚಿಕ್ಕಮಗಳೂರಿನಲ್ಲಿ ಎರಡು ಮಾತು ಕೇಳಿಬರುತ್ತವೆ. ಕಾಫಿಗೆ ಒಳ್ಳೆಯದಾಯಿತು ಎನ್ನುವುದು ಒಂದು. ಇನ್ನು ಫಾರಿನರ್‌ಗಳು ಜಾಸ್ತಿ ಬರುತ್ತಾರೆ ಎನ್ನುವುದು ಇನ್ನೊಂದು. ಮೊದಲನೆಯದು ಅರ್ಧ ನಿಜ. ಎರಡನೆಯದು ನಮ್ಮ ಜಿಲ್ಲೆಯ ಮಟ್ಟಿಗೂ ಪಕ್ಕದ ಹಾಸನದ ಮಟ್ಟಿಗೂ ಬಹುಪಾಲು ಹುಸಿ. ಶನಿವಾರ ಕೈಮರದಿಂದ ಮುಳ್ಳಯ್ಯನಗಿರಿ ಕಡೆಗೆ ಸಾಲುಗಟ್ಟುವ ಕಾರುಗಳ ನಂಬರ್ ಪ್ಲೇಟ್ ನೋಡಿದರೆ ಸಾಕು, ನಮ್ಮ ರೂಮು ತುಂಬಿಸುತ್ತಿರುವುದು ಬೆಂಗಳೂರು ಎಂದು ಗೊತ್ತಾಗುತ್ತದೆ. ಹಾಗೆಂದು ಡಾಲರಿಗೂ ನಮಗೂ ಸಂಬಂಧವಿಲ್ಲ ಎಂದುಕೊಳ್ಳಬೇಡಿ. ಸಂಬಂಧ ಇದೆ, ಆದರೆ ಅದು ಮುಂಬಾಗಿಲಿನಿಂದ ಬರುವುದಿಲ್ಲ. ಅದು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಅದರಲ್ಲಿ ಊರಿನ ಬೆಳವಣಿಗೆ ಎಷ್ಟು, ಬರೀ ರೇಟಿನ ಏರಿಳಿತ ಎಷ್ಟು ಎಂದು ಅಳೆಯುವ ಕ್ರಮ ಇಲ್ಲಿದೆ. ಹೋಂಸ್ಟೇ ನಡೆಸುವವರು, ತೋಟ ಇರುವವರು, ಪ್ರಾಜೆಕ್ಟ್ ಬರೆಯುವ ಬಿ.ಕಾಂ ವಿದ್ಯಾರ್ಥಿಗಳು ಯಾರು ಬೇಕಾದರೂ ಒಂದು ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ಮಾಡಬಹುದು.

ಮೊದಲು ಯಾವ ರೇಟು ಎಂದು ತೀರ್ಮಾನಿಸಿ

ಗೂಗಲ್‌ನಲ್ಲಿ ಕಾಣುವ ರೇಟು ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನದು. ಆ ದರಕ್ಕೆ ನಿಮಗೆ ಯಾರೂ ದುಡ್ಡು ಕೊಡುವುದಿಲ್ಲ. ಹೋಲಿಕೆಗೆ, ದಾಖಲೆಗೆ ಎಫ್‌ಬಿಐಎಲ್ (ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ) ಪ್ರಕಟಿಸುವ ರೆಫರೆನ್ಸ್ ರೇಟ್ ಹಿಡಿಯಿರಿ. 2018ರ ಜುಲೈಯಿಂದ ರಿಸರ್ವ್ ಬ್ಯಾಂಕಿನ ಬದಲು ಈ ಸಂಸ್ಥೆಯೇ ಕೆಲಸದ ದಿನಗಳಲ್ಲಿ ಮಧ್ಯಾಹ್ನ ಡಾಲರ್, ಯೂರೋ, ಪೌಂಡ್, ಯೆನ್‌ಗಳ ದರ ಪ್ರಕಟಿಸುತ್ತಿದೆ. ಕೈಗೆ ಬರುವ ದುಡ್ಡಿನ ಲೆಕ್ಕಕ್ಕೆ ಮಾತ್ರ ನಿಮ್ಮ ಬ್ಯಾಂಕಿನ ಟಿಟಿ ಬೈಯಿಂಗ್ ರೇಟು, ಅಂದರೆ ಖಾತೆಗೆ ಬಂದ ವಿದೇಶಿ ಹಣವನ್ನು ಬ್ಯಾಂಕ್ ಕೊಳ್ಳುವ ದರ ಬೇಕು. ಅದು ರೆಫರೆನ್ಸ್ ರೇಟಿಗಿಂತ ಕೆಳಗಿರುತ್ತದೆ. ನೋಟು ಕೊಟ್ಟರೆ ಸಿಗುವ ರೇಟು ಅದಕ್ಕಿಂತಲೂ ಕೆಳಗೆ.

ಶೇಕಡಾವಾರು ತೆಗೆಯುವಾಗ ಪತ್ರಿಕೆಗಳೂ ಎಡವುತ್ತವೆ. ಡಾಲರ್ 83 ರೂಪಾಯಿಯಿಂದ 90ಕ್ಕೆ ಹೋಯಿತು ಎನ್ನಿ. ಡಾಲರ್ ಶೇ 8.4ರಷ್ಟು ದುಬಾರಿಯಾಯಿತು, ಅಂದರೆ 7ನ್ನು 83ರಿಂದ ಭಾಗಿಸಬೇಕು. ರೂಪಾಯಿ ಕುಸಿದದ್ದು ಶೇ 7.8, ಇಲ್ಲಿ 7ನ್ನು 90ರಿಂದ ಭಾಗಿಸಬೇಕು. ಕಾಫಿಯಲ್ಲಿ ಬರುವ ಹಣ, ಪೊಟ್ಯಾಷ್ ಗೊಬ್ಬರಕ್ಕೆ ಕೊಡುವ ಹಣ ಲೆಕ್ಕ ಹಾಕುವಾಗ ಮೊದಲ ಅಂಕಿ ಹಿಡಿಯಿರಿ. ವಿದೇಶಿ ಅತಿಥಿಗೆ ನಮ್ಮ ರೂಮು ಎಷ್ಟು ಅಗ್ಗವಾಯಿತು ಎಂದು ನೋಡುವಾಗ ಎರಡನೆಯದು.

ಇದಾದ ಮೇಲೆ ಹಣದುಬ್ಬರ ಕಳೆಯಬೇಕು. ವರ್ಷದಲ್ಲಿ ರೂಪಾಯಿ ಶೇ 4 ಇಳಿದು, ನಮ್ಮಲ್ಲಿ ಬೆಲೆಗಳು ಶೇ 5, ಅಮೆರಿಕದಲ್ಲಿ ಶೇ 2 ಏರಿದರೆ ಅಲ್ಲಿಂದ ಬರುವವನಿಗೆ ಭಾರತ ನಿಜವಾಗಿ ಅಗ್ಗವಾಗಿದ್ದು ಸುಮಾರು ಶೇ 1 ಮಾತ್ರ. 4ರಲ್ಲಿ 3 ಹಣದುಬ್ಬರದ ಅಂತರಕ್ಕೇ ಹೋಯಿತು. ಇದನ್ನು ನೈಜ ವಿನಿಮಯ ದರ ಎನ್ನುತ್ತಾರೆ. 40 ದೇಶಗಳ ಕರೆನ್ಸಿಗಳ ಜೊತೆ ತೂಗಿ ನೋಡಿದ ಇಂಥ ಸೂಚ್ಯಂಕವನ್ನು ರಿಸರ್ವ್ ಬ್ಯಾಂಕ್ ತನ್ನ ಮಾಸಿಕ ಬುಲೆಟಿನ್‌ನಲ್ಲಿ ಕೊಡುತ್ತದೆ. ಅದು ಇಳಿದರೆ ನಾವು ಹೊರಗಿನವರಿಗೆ ಅಗ್ಗ, ಏರಿದರೆ ದುಬಾರಿ. ಬರೀ ಡಾಲರ್ ರೇಟು ಹಿಡಿದು ಪ್ರವಾಸೋದ್ಯಮದ ಬಗ್ಗೆ ತೀರ್ಪು ಕೊಡುವವರು ಬಿಟ್ಟುಬಿಡುವುದು ಈ ಹೆಜ್ಜೆಯನ್ನೇ.

ಕಾಫಿ: ನ್ಯೂಯಾರ್ಕಿನಿಂದ ಕಣದವರೆಗೆ

ಮಲೆನಾಡಿಗೆ ಡಾಲರ್ ನೇರವಾಗಿ ಬರುವುದು ಹೆಚ್ಚಾಗಿ ಈ ದಾರಿಯಲ್ಲೇ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು, ದೇಶ ಬೆಳೆದದ್ದರಲ್ಲಿ ಬಹುಪಾಲು ರಫ್ತಾಗುತ್ತದೆ. ಆದ್ದರಿಂದ ಮೂಡಿಗೆರೆಯಲ್ಲಿ ಮಾರಿದ ಮೂಟೆಯ ಬೆಲೆಯೂ ವಿದೇಶದಲ್ಲೇ ತೀರ್ಮಾನವಾಗಿರುತ್ತದೆ. ಅರೇಬಿಕಾ ಬೆಲೆ ನ್ಯೂಯಾರ್ಕ್ ಪೇಟೆಯಲ್ಲಿ, ಒಂದು ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಎಂದು. ರೋಬಸ್ಟಾ ಲಂಡನ್‌ನಲ್ಲಿ, ಟನ್ನಿಗೆ ಇಷ್ಟು ಡಾಲರ್ ಎಂದು. ಲಂಡನ್ ಪೇಟೆ ಎಂದು ಪೌಂಡ್ ಕರೆನ್ಸಿಯಲ್ಲಿ ಗುಣಿಸುವವರಿದ್ದಾರೆ; ಅಲ್ಲಿಯೂ ವ್ಯವಹಾರ ಡಾಲರಿನಲ್ಲೇ.

ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಸಹಿತ ಬೀಜ) ಲೆಕ್ಕ ಹೀಗೆ. ನ್ಯೂಯಾರ್ಕ್ 350 ಸೆಂಟ್ ಇದೆ ಎಂದಿಟ್ಟುಕೊಳ್ಳಿ. ಕೆಜಿಗೆ 2.2046 ಪೌಂಡ್ ತೂಕ, ಗುಣಿಸಿದರೆ 771.6 ಸೆಂಟ್, ಅಂದರೆ ಕೆಜಿ ಹಸಿರು ಬೀಜಕ್ಕೆ 7.716 ಡಾಲರ್. ಡಾಲರ್ 90 ರೂಪಾಯಿ ಇದ್ದರೆ 694 ರೂಪಾಯಿ. 50 ಕೆಜಿ ಪಾರ್ಚ್‌ಮೆಂಟ್ ಮೂಟೆಯಲ್ಲಿ ಸಿಪ್ಪೆ ಹೋಗಿ ಸುಮಾರು 40 ಕೆಜಿ ಬೀಜ ಸಿಗುತ್ತದೆ. 40ರಿಂದ ಗುಣಿಸಿ: ಮೂಟೆಗೆ ಸುಮಾರು 27,780. ಇದು ಗರಿಷ್ಠ ಮಿತಿ. ಕ್ಯೂರಿಂಗ್ (ಸಿಪ್ಪೆ ತೆಗೆದು ವಿಂಗಡಿಸುವ ಕೆಲಸ), ಸಾಗಾಟ, ರಫ್ತುದಾರನ ಪಾಲು, ಗುಣಮಟ್ಟದ ಕಡಿತ ಎಲ್ಲ ಇದರಲ್ಲೇ ಕಳೆಯಬೇಕು. ಹಣ್ಣನ್ನು ಹಾಗೇ ಒಣಗಿಸಿದ ಚೆರ್ರಿಯಾದರೆ 40ರ ಜಾಗದಲ್ಲಿ ನಿಮ್ಮ ಕಾಫಿಯ ಔಟ್‌ಟರ್ನ್ (ಮೂಟೆಗೆ ಸಿಗುವ ಬೀಜದ ತೂಕ) ಹಾಕಿ, ಸಾಮಾನ್ಯವಾಗಿ 50 ಕೆಜಿಗೆ 25ರಿಂದ 28 ಕೆಜಿ. ಔಟ್‌ಟರ್ನ್ ಎಷ್ಟು ಬರುತ್ತದೆ ಎಂದು ಮಾದರಿ ತೆಗೆಸಿ ನೋಡದೆ ಬರೀ ಮೂಟೆ ಲೆಕ್ಕದಲ್ಲಿ ಮಾತು ಮುಗಿಸಿದರೆ ಡಾಲರ್ ಏರಿದ ಲಾಭವೆಲ್ಲ ವ್ಯಾಪಾರಿಯ ತಕ್ಕಡಿಗೆ ಹೋಗುತ್ತದೆ.

ಈಗ ಡಾಲರಿನ ಪಾಲು ಬೇರೆ ಮಾಡಿ. ಅದೇ 350 ಸೆಂಟ್, ಡಾಲರ್ ಮಾತ್ರ 83 ಇದ್ದರೆ ಮೂಟೆಗೆ 25,620. ವ್ಯತ್ಯಾಸ 2,160 ರೂಪಾಯಿ. ಕಡಿಮೆಯೇನಲ್ಲ. ಆದರೆ ನ್ಯೂಯಾರ್ಕ್ 27 ಸೆಂಟ್ ಆಚೀಚೆ ಆದರೂ ಅಷ್ಟೇ ವ್ಯತ್ಯಾಸ ಆಗುತ್ತದೆ. ರೂಪಾಯಿ ಏಳು ಅಂಕ ಇಳಿಯಲು ವರ್ಷಗಟ್ಟಲೆ ಬೇಕು: 2022ರ ಜುಲೈನಲ್ಲಿ 80 ದಾಟಿದ್ದು 90 ದಾಟಿದ್ದು 2025ರ ಡಿಸೆಂಬರಿನಲ್ಲಿ. ನ್ಯೂಯಾರ್ಕ್ 27 ಸೆಂಟ್ ಅಲುಗಲು ಬ್ರೆಜಿಲ್‌ನ ಒಂದು ಹವಾಮಾನ ವರದಿ ಸಾಕು. 2021ರ ಜುಲೈಯಲ್ಲಿ ಅಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟಾಗ ಏನಾಯಿತು ಎಂದು ಹಳೆಯ ಬೆಳೆಗಾರರನ್ನು ಕೇಳಿ. 2025ರ ಫೆಬ್ರುವರಿಯಲ್ಲಿ ಅರೇಬಿಕಾ 400 ಸೆಂಟ್ ದಾಟಿದಾಗಲೂ ಕಾರಣ ಫಸಲಿನ ಕೊರತೆಯೇ ಹೊರತು ರೂಪಾಯಿ ಅಲ್ಲ.

ಇನ್ನೊಂದು ಕರೆನ್ಸಿ ಮೇಲೆ ಕಣ್ಣಿಡುವುದು ನಮ್ಮಲ್ಲಿ ಅಪರೂಪ: ಬ್ರೆಜಿಲ್‌ನ ರಿಯಾಲ್. ರಿಯಾಲ್ ಬಿದ್ದರೆ ಅಲ್ಲಿಯ ಬೆಳೆಗಾರನಿಗೆ ತನ್ನ ಹಣದಲ್ಲಿ ಹೆಚ್ಚು ಸಿಗುತ್ತದೆ, ಆತ ಗೋದಾಮು ಖಾಲಿ ಮಾಡುತ್ತಾನೆ, ನ್ಯೂಯಾರ್ಕ್ ಇಳಿಯುತ್ತದೆ. ಡಾಲರ್ ಇಡೀ ಜಗತ್ತಿನಲ್ಲಿ ಬಲಗೊಂಡಾಗ ರೂಪಾಯಿ, ರಿಯಾಲ್ ಎರಡೂ ಒಟ್ಟಿಗೆ ಬೀಳುತ್ತವೆ. ನಮಗೆ ರೇಟಿನಲ್ಲಿ ಸಿಕ್ಕಿದ್ದು ಬೆಲೆಯಲ್ಲಿ ಹೋಗುತ್ತದೆ. ರೂಪಾಯಿ ಬಿದ್ದೂ ಕಾಫಿ ಏರಲಿಲ್ಲವಲ್ಲ ಎಂಬ ಗೊಣಗಾಟಕ್ಕೆ ಹೆಚ್ಚಿನ ಸಲ ಇದೇ ಉತ್ತರ.

ಬೆಂಗಳೂರಿನ ಮೂಲಕ ಬರುವ ಡಾಲರ್

ಬೆಂಗಳೂರಿನ ಐಟಿ ಕಂಪನಿಗಳ ಬಿಲ್ಲು ಡಾಲರಿನಲ್ಲಿ, ಸಂಬಳ ರೂಪಾಯಿಯಲ್ಲಿ. ರೂಪಾಯಿ ಶೇ 1 ಇಳಿದರೆ ಅವುಗಳ ಆದಾಯದಲ್ಲಿ ಲಾಭದ ಪಾಲು ಶೇಕಡಾ ಕಾಲು ಅಂಶದಷ್ಟು ಹೆಚ್ಚುತ್ತದೆ ಎಂಬುದು ಆ ಉದ್ಯಮದ ರೂಢಿಯ ಲೆಕ್ಕ. ಇದು ಮಲ್ಲಂದೂರಿನ ಹೋಂಸ್ಟೇ ತಲುಪುವಷ್ಟರಲ್ಲಿ ಬಹಳ ಸೋರುತ್ತದೆ. ಕಂಪನಿಗಳು ಮುಂಗಡ ಒಪ್ಪಂದ ಮಾಡಿ ರೇಟು ಕಟ್ಟಿಕೊಂಡಿರುತ್ತವೆ, ಬೋನಸ್ ವರ್ಷಕ್ಕೊಮ್ಮೆ, ಅದಕ್ಕಿಂತ ಮುಖ್ಯವಾಗಿ ಹೊಸ ನೇಮಕಾತಿ ಇದೆಯೋ ಇಲ್ಲವೋ ಎನ್ನುವುದು. ಕೆಲಸ ಹೋಗುವ ಭಯ ಇರುವವನು ಡಾಲರ್ ಎಷ್ಟೇ ಇರಲಿ ವೀಕೆಂಡ್ ಟ್ರಿಪ್ ಮುಂದೂಡುತ್ತಾನೆ. ಹಾಗಾಗಿ ಟೀಮ್ ಔಟಿಂಗ್ ಬುಕಿಂಗ್ ನಂಬಿ ನಡೆಸುವವರು ಡಾಲರ್ ರೇಟಿಗಿಂತ ಐಟಿ ಕಂಪನಿಗಳ ಮೂರು ತಿಂಗಳ ಫಲಿತಾಂಶದಲ್ಲಿ ಉದ್ಯೋಗಿಗಳ ಸಂಖ್ಯೆ ಏರಿತೇ ಇಳಿಯಿತೇ ಎಂದು ನೋಡುವುದು ಉಪಯುಕ್ತ.

ಅದಕ್ಕಿಂತ ಬೇಗ ನಾಟುವುದು ಪೈಪೋಟಿ ಊರಿನ ಕರೆನ್ಸಿ. ನಾಲ್ಕು ದಿನ ರಜೆ ಸಿಕ್ಕ ಬೆಂಗಳೂರಿನ ದಂಪತಿಗೆ ಚಿಕ್ಕಮಗಳೂರು, ಸಕಲೇಶಪುರ, ಕೂರ್ಗ್ ಜೊತೆಗೆ ಥಾಯ್ಲೆಂಡ್, ವಿಯೆಟ್ನಾಂ, ಶ್ರೀಲಂಕಾ ಕೂಡ ಪಟ್ಟಿಯಲ್ಲಿರುತ್ತವೆ. 2023ರ ನವೆಂಬರಿನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬೇಡ ಎಂದಾಗ ಅಲ್ಲಿಯ ಕರೆನ್ಸಿ ಬಾತ್ ಒಂದಕ್ಕೆ ಸುಮಾರು 2.4 ರೂಪಾಯಿ ಇತ್ತು. 2025ರ ಕೊನೆಗೆ 2.8ರ ಆಸುಪಾಸಿಗೆ ಬಂತು. ಅಲ್ಲಿ 2,000 ಬಾತ್‌ನ ರೂಮು 4,800 ಇದ್ದದ್ದು 5,600 ರೂಪಾಯಿ ಆಯಿತು. ನಮ್ಮ ರೂಮಿನ ಬೆಲೆ ಹೆಚ್ಚು ಕಡಿಮೆ ಅಲ್ಲೇ ಇರುವುದರಿಂದ ತಕ್ಕಡಿ ನಮ್ಮ ಕಡೆ ವಾಲುತ್ತದೆ. ಲಾಂಗ್ ವೀಕೆಂಡ್ ಟ್ಯಾರಿಫ್ ನಿಗದಿ ಮಾಡುವ ಮುಂಚೆ ಡಾಲರ್ ನೋಡುವವರು ಬಾತ್ ನೋಡಲಿ. 2023ರಲ್ಲಿ ದೇಶದಿಂದ ಹೊರಗೆ ಹೋದ ಭಾರತೀಯರು 2.79 ಕೋಟಿ, ಒಳಗೆ ಬಂದ ವಿದೇಶಿ ಪ್ರವಾಸಿಗರು 95 ಲಕ್ಷ. ರೂಪಾಯಿ ಬಿದ್ದಾಗ ನಮ್ಮ ರೂಮಿಗೆ ಲಾಭವಾದರೆ ಅದು ಹೆಚ್ಚಾಗಿ ಆ ಮೊದಲ ಗುಂಪು ಇಲ್ಲೇ ಉಳಿಯುವುದರಿಂದ.

ಹೋಂಸ್ಟೇ ಖರ್ಚಿನಲ್ಲಿ ಡಾಲರ್ ಎಷ್ಟಿದೆ ಎಂದು ತೆಗೆಯುವುದು

ನಮ್ಮಲ್ಲಿ ರೂಮಿಗಿಂತ ತಲೆ ಲೆಕ್ಕವೇ ರೂಢಿ. ಊಟ ತಿಂಡಿ ಸೇರಿ ತಲೆಗೆ 2,500 ಎಂದು ಉದಾಹರಣೆಗೆ ಹಿಡಿಯೋಣ. ಕೆಳಗಿನ ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ. ದಿನಸಿ, ತರಕಾರಿ, ಕೋಳಿ 550. ಗ್ಯಾಸ್, ಡೀಸೆಲ್, ಜೀಪು 180. ಅಡುಗೆಯವರು, ಕೆಲಸದವರು 450. ಲಾಂಡ್ರಿ, ಸೋಪು, ಕರೆಂಟು 150. ಬುಕಿಂಗ್ ಆ್ಯಪ್ ಕಮಿಷನ್ ಶೇ 15ರಂತೆ 375. ರಿಪೇರಿ, ಬಣ್ಣ, ಹಾಸಿಗೆ ಸವಕಳಿ 200. ಒಟ್ಟು 1,905, ಕೈಗುಳಿಯುವುದು 595.

ಈಗ ಪ್ರತಿ ಸಾಲಿನಲ್ಲೂ ಹೊರದೇಶದಿಂದ ಬರುವ ಭಾಗ ಗುರುತಿಸಿ. ಕಚ್ಚಾ ತೈಲ ಬಹುಪಾಲು ಆಮದು, ಆದ್ದರಿಂದ ಗ್ಯಾಸ್-ಡೀಸೆಲಿನ 180 ಪೂರ್ತಿ ಹಾಕಿ. ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು, ದಿನಸಿಯಲ್ಲಿ 60. ಸೋಪು, ಶಾಂಪೂ 20. ಒಟ್ಟು 260. ಡಾಲರ್ ಶೇ 8.4 ಏರಿದ್ದು ಪೂರ್ತಿಯಾಗಿ ದಾಟಿ ಬಂದರೂ ತಲೆಗೆ 22 ರೂಪಾಯಿ. ಪೂರ್ತಿ ದಾಟುವುದೂ ಇಲ್ಲ, ಪಂಪಿನ ಬೆಲೆ, ಸಿಲಿಂಡರ್ ಬೆಲೆ ತಿಂಗಳುಗಟ್ಟಲೆ ಅಲುಗದೆ ಇರುವುದುಂಟು.

ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. ಶನಿವಾರ ಒಂದು ರೂಮು, ಅಂದರೆ ಎರಡು ತಲೆ, ಖಾಲಿ ಉಳಿದರೆ ನಷ್ಟ ಎಷ್ಟು? ಜನ ಬರದಿದ್ದರೆ ಉಳಿತಾಯವಾಗುವ ಖರ್ಚು ತಲೆಗೆ 550, 180, 150, 375 ಕೂಡಿದರೆ 1,255. 2,500ರಲ್ಲಿ ಕಳೆದರೆ 1,245, ಎರಡು ತಲೆಗೆ 2,490. ಡಾಲರಿನಿಂದ ತಲೆಗೆ ಆಗುವ 22 ರೂಪಾಯಿ ನಷ್ಟ ಇಷ್ಟು ಮೊತ್ತ ಮುಟ್ಟಲು 113 ಅತಿಥಿಗಳು ಬರಬೇಕು. ರೂಪಾಯಿ ಬಿತ್ತು ಎಂಬ ನೆಪದಲ್ಲಿ ತಲೆಗೆ 300 ಏರಿಸುವ ಮುಂಚೆ ಒಂದು ಶನಿವಾರದ ರೂಮು ಖಾಲಿ ಉಳಿದರೆ ಎಷ್ಟು ಹೋಗುತ್ತದೆ ಎಂದು ಈ ಲೆಕ್ಕ ನೋಡಿ. ತೋಟದ ಖರ್ಚಿನ ಕಥೆ ಬೇರೆ: ಪೊಟ್ಯಾಷ್ ಪೂರ್ತಿ ಆಮದು, ಅಲ್ಲಿ ಡಾಲರ್ ಪಾಲು ದೊಡ್ಡದು. ಹೋಂಸ್ಟೇ ಮತ್ತು ತೋಟ ಒಂದೇ ಖಾತೆಯಲ್ಲಿ ಬರೆಯುವವರಿಗೆ ಇದು ಕಾಣಿಸುವುದೇ ಇಲ್ಲ.

ವಿದೇಶಿ ಅತಿಥಿ ಬಂದಾಗ

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ವಿಚಾರಣೆ ಹೆಚ್ಚಿರುವುದು ಸಹಜ. ಆದರೆ ವಿದೇಶಿ ತಂಡಗಳು ಬಸ್ಸಿನಲ್ಲಿ ಬಂದು ಗುಡಿ ನೋಡಿ, ಹಾಸನದಲ್ಲಿ ಊಟ ಮುಗಿಸಿ, ಮೈಸೂರಿಗೋ ಹಂಪಿಗೋ ಹೊರಡುವುದೇ ಹೆಚ್ಚು. ಬೇಲೂರಿನಿಂದ ಹಳೇಬೀಡು ಬರೀ 16 ಕಿ.ಮೀ, ಅರ್ಧ ದಿನದಲ್ಲಿ ಎರಡೂ ಮುಗಿಯುತ್ತದೆ. ರಾತ್ರಿ ಉಳಿಸಿಕೊಳ್ಳದೆ ಡಾಲರ್ ಆದಾಯದ ಮಾತು ಆಡುವುದು ವ್ಯರ್ಥ.

ಉಳಿಯುವವರಿಗೆ ಬೆಲೆ ಯಾವ ಕರೆನ್ಸಿಯಲ್ಲಿ ಹೇಳಬೇಕು? ರೂಪಾಯಿಯಲ್ಲಿ 5,000 ಎಂದರೆ ಡಾಲರ್ 83 ಇದ್ದಾಗ ಅತಿಥಿಗೆ 60.2 ಡಾಲರ್, 90 ಆದಾಗ 55.6. ಲಾಭ ಅವನದು. ಐದು ಡಾಲರ್ ಉಳಿಯಿತು ಎಂದು ಯಾರೂ ವಿಮಾನ ಹತ್ತುವುದಿಲ್ಲ, ಟಿಕೆಟ್ ದರವೇ ಅವನ ದೊಡ್ಡ ಖರ್ಚು. ಡಾಲರಿನಲ್ಲಿ 60 ಎಂದರೆ ನಿಮಗೆ 4,980 ಬದಲು 5,400 ಸಿಗುತ್ತದೆ, ಲಾಭ ನಿಮ್ಮದು. ರೂಪಾಯಿ ಬಲಗೊಂಡರೆ ನಷ್ಟವೂ ನಿಮ್ಮದೇ.

ಡಾಲರ್ ಬೆಲೆಯಲ್ಲಿ ಒಂದು ಗುಂಡಿ ಇದೆ, ಜಿಎಸ್‌ಟಿ ಸ್ಲ್ಯಾಬ್. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. ನೋಂದಣಿ ಇರುವ ಹೋಂಸ್ಟೇ ತೆರಿಗೆ ಸೇರಿಸಿ 85 ಡಾಲರ್ ಎಂದು ಒಪ್ಪಿಕೊಂಡಿದೆ ಎನ್ನಿ. ಡಾಲರ್ 83 ಇದ್ದಾಗ 7,055 ರೂಪಾಯಿ, ಶೇ 5 ತೆರಿಗೆ ತೆಗೆದರೆ ಕೈಗೆ 6,719. ಡಾಲರ್ 90 ಆದಾಗ 7,650. ತೆರಿಗೆ ಬಿಟ್ಟ ಬೆಲೆ ಶೇ 5ರ ಲೆಕ್ಕದಲ್ಲಿ 7,286, ಅಂದರೆ 7,500ರ ಒಳಗೇ ಇದೆ, ಬಚಾವ್. ಆದರೆ ಅತಿಥಿಯಿಂದ ತೆರಿಗೆ ಬೇರೆ ವಸೂಲು ಎಂದು 85 ಡಾಲರ್ ಒಪ್ಪಿದ್ದರೆ ರೂಮಿನ ಬೆಲೆಯೇ 7,650 ಆಗಿ ತೆರಿಗೆ 353ರಿಂದ 1,377ಕ್ಕೆ ಜಿಗಿಯುತ್ತದೆ, ಅತಿಥಿ ಬಿಲ್ಲು ನೋಡಿ ಹುಬ್ಬೇರಿಸುತ್ತಾನೆ. ಡಾಲರ್ ಬೆಲೆ ಕೊಡುವವರು 7,500ನ್ನು ಆ ದಿನದ ರೇಟಿನಿಂದ ಭಾಗಿಸಿ ಬರುವ ಅಂಕಿಗಿಂತ ನಾಲ್ಕೈದು ಡಾಲರ್ ಕೆಳಗೇ ನಿಲ್ಲಬೇಕು. 90ರ ರೇಟಿನಲ್ಲಿ ಅದು 83.3 ಡಾಲರ್, 78ಕ್ಕೆ ನಿಲ್ಲಿಸಿದರೆ ಡಾಲರ್ 96 ಮುಟ್ಟುವವರೆಗೆ ತೊಂದರೆಯಿಲ್ಲ.

ಆರು ತಿಂಗಳ ಮುಂದಿನ ತಂಡಕ್ಕೆ ಬೆಲೆ ಬರೆದುಕೊಡುವಾಗ ಮೂರು ವಿಷಯ ಬಿಡಬೇಡಿ: ಈ ದರ ಯಾವ ತಾರೀಖಿನವರೆಗೆ, ಮುಂಗಡ ಎಷ್ಟು, ರೂಪಾಯಿಗೆ ಬದಲಾಯಿಸುವ ದರ ಯಾವ ದಿನದ್ದು. ಕಾಲುಭಾಗದಿಂದ ಮೂರನೇ ಒಂದು ಭಾಗ ಮುಂಗಡ ತೆಗೆದುಕೊಂಡರೆ ಅಷ್ಟರ ಮಟ್ಟಿಗೆ ರೇಟು ಕಟ್ಟಿದ ಹಾಗೆ. ಹಣ ಬ್ಯಾಂಕ್ ಮೂಲಕ ಬಂದರೆ ದಾರಿಯಲ್ಲಿ ಮಧ್ಯದ ಬ್ಯಾಂಕುಗಳು ತಮ್ಮ ಶುಲ್ಕ ಹಿಡಿದುಕೊಳ್ಳುತ್ತವೆ. ಸಣ್ಣ ಬಿಲ್ಲಿಗೆ ಅದು ಭಾರ. ಶುಲ್ಕ ಕಳಿಸುವವರದೇ ಎಂದು ಮೊದಲೇ ಬರೆಯಿರಿ, ಹಣ ಬಂದ ಮೇಲೆ ವಿದೇಶದಿಂದ ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಒಳ ರವಾನೆಯ ಪ್ರಮಾಣಪತ್ರ ಕೇಳಿ ಪಡೆಯಿರಿ.

ಕಾರ್ಡ್ ಮೆಷಿನ್ ಕೆಲವೊಮ್ಮೆ ಅತಿಥಿಯ ಸ್ವಂತ ಕರೆನ್ಸಿಯಲ್ಲಿ ಕೊಡುತ್ತೀರಾ ಎಂದು ಕೇಳುತ್ತದೆ. ರೂಪಾಯಿ ಒತ್ತಿಸಿ. ಇನ್ನೊಂದು ಒತ್ತಿದರೆ ಕೆಟ್ಟ ರೇಟು ಅತಿಥಿಯ ತಲೆಗೆ ಬೀಳುತ್ತದೆ, ರಿವ್ಯೂನಲ್ಲಿ ಬೈಗುಳ ನಿಮಗೆ. ಡಾಲರ್ ನೋಟು ಕೊಡಲು ಬಂದರೆ ನಯವಾಗಿ ಬೇಡವೆನ್ನಿ; ಪರವಾನಗಿ ಇಲ್ಲದೆ ನೋಟು ಬದಲಾಯಿಸುವ ವ್ಯವಹಾರ ಕಾನೂನಿಗೆ ವಿರುದ್ಧ. ಅಂಥವರನ್ನು ಅಧಿಕೃತ ಮನಿ ಚೇಂಜರ್ ಬಳಿಗೋ ಎಟಿಎಂಗೋ ಕಳಿಸಿ. ಇನ್ನು, ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯ (ಎಫ್‌ಆರ್‌ಆರ್‌ಒ) ಜಾಲತಾಣದಲ್ಲಿ ವಿವರ ತುಂಬಬೇಕು. ಎಲ್ಲರ ಬಾಯಲ್ಲಿ ಈಗಲೂ ಇದು ಸಿ ಫಾರ್ಮ್. ಗಿರಿ ಮೇಲೆ ನೆಟ್‌ವರ್ಕ್ ಕೈಕೊಡುತ್ತದೆ, ಆದ್ದರಿಂದ ಬುಕಿಂಗ್ ಆದಾಗಲೇ ಪಾಸ್‌ಪೋರ್ಟ್, ವೀಸಾ ಪ್ರತಿ ತರಿಸಿಟ್ಟುಕೊಳ್ಳಿ.

ಬಂದ ದುಡ್ಡಿನಲ್ಲಿ ಬೆಳವಣಿಗೆ ಎಷ್ಟು

ಅರ್ಥಶಾಸ್ತ್ರದ ಪುಸ್ತಕದಲ್ಲಿ ವಿದೇಶಿ ಪ್ರವಾಸಿ ಇಲ್ಲಿ ಮಾಡುವ ಖರ್ಚು ಸೇವಾ ರಫ್ತು, ನಮ್ಮವರು ಬ್ಯಾಂಕಾಕಿನಲ್ಲಿ ಮಾಡುವ ಖರ್ಚು ಆಮದು. ಜಿಡಿಪಿ ಲೆಕ್ಕದಲ್ಲಿ ಮೊದಲನೆಯದು ಕೂಡುತ್ತದೆ, ಎರಡನೆಯದು ಕಳೆಯುತ್ತದೆ. ಬೆಂಗಳೂರಿನವರು ಇಲ್ಲಿಗೆ ಬಂದರೆ ದೇಶದ ಮಟ್ಟದಲ್ಲಿ ಅದು ರಫ್ತಲ್ಲ, ಜಿಲ್ಲೆಯ ಮಟ್ಟದಲ್ಲಿ ಮಾತ್ರ ಹೊರಗಿನಿಂದ ಬಂದ ಹಣವೇ.

ಬೆಳವಣಿಗೆ ದರ ಎಂದು ಪತ್ರಿಕೆಯಲ್ಲಿ ಓದುವುದು ಸ್ಥಿರ ಬೆಲೆಯಲ್ಲಿ ಹಾಕಿದ ಲೆಕ್ಕ. ಹೋದ ವರ್ಷ 100 ಮೂಟೆ, ಈ ವರ್ಷವೂ 100 ಮೂಟೆ, ಡಾಲರ್ ಏರಿದ್ದರಿಂದ ದುಡ್ಡು ಮಾತ್ರ ಜಾಸ್ತಿ ಬಂತು ಎಂದರೆ ಆ ಲೆಕ್ಕದಲ್ಲಿ ಕಾಫಿಯ ಬೆಳವಣಿಗೆ ಸೊನ್ನೆ. ಆ ಹೆಚ್ಚಿನ ದುಡ್ಡಿನಿಂದ ಮುದಿ ಗಿಡ ಕಿತ್ತು ಹೊಸದು ನೆಟ್ಟರೆ, ನೀರಾವರಿ ಮಾಡಿದರೆ, ಎರಡು ರೂಮು ಕಟ್ಟಿದರೆ ಮುಂದಿನ ವರ್ಷಗಳಲ್ಲಿ ಅದು ಬೆಳವಣಿಗೆಯಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡರೆ ನಮ್ಮ ಜಿಲ್ಲೆಯ ಪಟ್ಟಿಯಲ್ಲಿ ಬರುವುದಿಲ್ಲ.

ಪ್ರವಾಸದ ಹಣ ಊರಿನಲ್ಲಿ ಎಷ್ಟು ನಿಲ್ಲುತ್ತದೆ ಎನ್ನಲು ಮೇಲಿನ 2,500ನ್ನೇ ಮತ್ತೆ ಬಿಡಿಸಿ. ಸಂಬಳ 450, ಊರಿನಲ್ಲೇ ಕೊಂಡ ತರಕಾರಿ, ಕೋಳಿ, ಹಾಲು 300, ಸ್ಥಳೀಯ ಲಾಂಡ್ರಿ 80, ಸ್ಥಳೀಯ ಮೇಸ್ತ್ರಿ, ಬಡಗಿ 120, ಮಾಲೀಕರ ಲಾಭ 595. ಒಟ್ಟು 1,545, ಅಂದರೆ ಶೇ 62. ಮಾಲೀಕರು ಬೆಂಗಳೂರಿನಲ್ಲಿದ್ದು ಮನೆ ಲೀಸಿಗೆ ಹಿಡಿದು ನಡೆಸುತ್ತಿದ್ದರೆ 595 ಹೊರಗೆ ಹೋಗುತ್ತದೆ. ಉಳಿಯುವುದು 950, ಶೇ 38. ಊರಿನವರು ತಮಗೆ ಬಂದದ್ದರಲ್ಲಿ ಶೇ 40ನ್ನು ಊರಿನಲ್ಲೇ ಖರ್ಚು ಮಾಡುತ್ತಾರೆ ಎಂದಿಟ್ಟರೆ, ಸುತ್ತು ಸುತ್ತಿ ಒಟ್ಟು ಸ್ಥಳೀಯ ಆದಾಯ ತಿಳಿಯಲು 0.6ರಿಂದ ಭಾಗಿಸಿ: ಮೊದಲನೆಯದಕ್ಕೆ 2,575, ಎರಡನೆಯದಕ್ಕೆ 1,583. ಒಬ್ಬನೇ ಅತಿಥಿ, ಒಂದೇ ಬಿಲ್ಲು, ಊರಿಗೆ ಸಿಗುವುದರಲ್ಲಿ ಸಾವಿರದ ಅಂತರ. ಯಾವ ವಿನಿಮಯ ದರವೂ ಇಷ್ಟು ದೊಡ್ಡ ವ್ಯತ್ಯಾಸ ಮಾಡುವುದಿಲ್ಲ. ಬೆಳಿಗ್ಗೆ ಬಂದು, ತಂದ ಪುಳಿಯೋಗರೆ ತಿಂದು, ಮುಳ್ಳಯ್ಯನಗಿರಿ ಹತ್ತಿ, ಸಂಜೆ ವಾಪಸಾಗುವವರ ಲೆಕ್ಕ ಬೇರೆಯೇ ತೆಗೆಯಬೇಕು. ಅವರ ತಲೆ ಎಣಿಸಿ ಪ್ರವಾಸೋದ್ಯಮ ಬೆಳೆಯಿತು ಎನ್ನುವ ಅಂಕಿಗಳು ಕಸದ ಗಾಡಿಗೆ ಮಾತ್ರ ಉಪಯೋಗ.

ಕರೆನ್ಸಿ ಅಗ್ಗವಾದರೆ ಸಾಕೇ ಎಂಬುದಕ್ಕೆ ಹೊರಗಿನ ಉದಾಹರಣೆಗಳು ಚೆನ್ನಾಗಿವೆ. ಥಾಯ್ಲೆಂಡ್ 1997ರ ಜುಲೈ 2ರಂದು ಅಲ್ಲಿಯವರೆಗೆ ಸ್ಥಿರವಾಗಿ ಹಿಡಿದಿಟ್ಟಿದ್ದ ಬಾತ್ ದರದ ಕಟ್ಟು ಬಿಚ್ಚಿತು. ಡಾಲರಿಗೆ 25 ಇದ್ದ ಬಾತ್ 1998ರ ಜನವರಿಯಲ್ಲಿ 56 ಮುಟ್ಟಿತು. ಜೊತೆಗೇ ದೊಡ್ಡ ಪ್ರಚಾರ ನಡೆಸಿದರು, ಪ್ರವಾಸಿಗರು 1997ರ 72 ಲಕ್ಷದಿಂದ 1999ರಲ್ಲಿ 86 ಲಕ್ಷಕ್ಕೆ ಏರಿದರು. ಆದರೂ 1998ರಲ್ಲಿ ದೇಶದ ಅರ್ಥವ್ಯವಸ್ಥೆ ಶೇ 7ಕ್ಕೂ ಹೆಚ್ಚು ಕುಗ್ಗಿತು. ಪ್ರವಾಸೋದ್ಯಮ ಒಂದೇ ಎಲ್ಲವನ್ನೂ ಎತ್ತಲಾಗಲಿಲ್ಲ. ಶ್ರೀಲಂಕಾ 2022ರಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿಯ ರೂಪಾಯಿ ಡಾಲರಿಗೆ 200ರಿಂದ 360ಕ್ಕೆ ಹೋಯಿತು, ಪೆಟ್ರೋಲ್ ಇಲ್ಲ, ಕರೆಂಟಿಲ್ಲ. 2018ರಲ್ಲಿ 23 ಲಕ್ಷ ಪ್ರವಾಸಿಗರು ಬಂದಿದ್ದ ದೇಶಕ್ಕೆ ಆ ವರ್ಷ ಬಂದದ್ದು 7 ಲಕ್ಷದಷ್ಟು. ಜಪಾನ್‌ಗೆ 2024ರಲ್ಲಿ ಡಾಲರಿಗೆ ಯೆನ್ 160 ದಾಟಿದಾಗ ರೈಲು, ರಸ್ತೆ, ರೂಮು ಎಲ್ಲ ಮೊದಲೇ ಸಿದ್ಧವಿದ್ದವು, 3.69 ಕೋಟಿ ಜನ ಬಂದರು. ನಮ್ಮದೇ ಲೆಕ್ಕ ನೋಡಿ: 2019ರಲ್ಲಿ ಡಾಲರ್ 70ರ ಆಸುಪಾಸಿನಲ್ಲಿದ್ದಾಗ ವಿದೇಶಿ ಪ್ರವಾಸಿಗರು 1.09 ಕೋಟಿ, 2023ರಲ್ಲಿ 82-83 ಆದಾಗ 95 ಲಕ್ಷ. ಕೋವಿಡ್ ಪೆಟ್ಟನ್ನು ಸುಮಾರು ಶೇ 15ರ ರಿಯಾಯಿತಿ ತುಂಬಲಿಲ್ಲ.

ಪ್ರವಾಸದ ಹಣ ಇನ್ನೊಂದು ಕಡೆ ಹಿಂಡುತ್ತದೆ. ಕೊಯ್ಲು ನವೆಂಬರಿನಿಂದ ಶುರು, ಹೋಂಸ್ಟೇಗಳ ಭರ್ಜರಿ ಸೀಸನ್ ಡಿಸೆಂಬರ್. ಎರಡಕ್ಕೂ ಬೇಕಾದ ಕೈಗಳು ಅವೇ. ರೂಮಿನ ಕೆಲಸಕ್ಕೆ ಸಂಬಳ ಏರಿದರೆ ತೋಟದಲ್ಲಿ ಕೆಜಿ ಲೆಕ್ಕದ ಕೊಯ್ಲು ಕೂಲಿಯೂ ಏರಬೇಕು, ಇಲ್ಲದಿದ್ದರೆ ಹಣ್ಣು ಗಿಡದಲ್ಲೇ ಒಣಗುತ್ತದೆ. ಒಂದು ಉದ್ಯಮಕ್ಕೆ ಹರಿದು ಬಂದ ಹಣ ಪಕ್ಕದ ಉದ್ಯಮದ ಖರ್ಚು ಏರಿಸಿ ಅದನ್ನು ಸೊರಗಿಸುವುದಕ್ಕೆ ಡಚ್ ಕಾಯಿಲೆ ಎನ್ನುತ್ತಾರೆ, ನೆದರ್‌ಲೆಂಡ್ಸ್‌ನಲ್ಲಿ ಅನಿಲ ಸಿಕ್ಕ ಮೇಲೆ ಅಲ್ಲಿಯ ಕಾರ್ಖಾನೆಗಳಿಗೆ ಆದ ಗತಿಯಿಂದ ಬಂದ ಹೆಸರು. ತೋಟ, ಹೋಂಸ್ಟೇ ಎರಡೂ ಇರುವವರು ಹೋಂಸ್ಟೇ ಲಾಭದಿಂದ ಈ ಹೆಚ್ಚಿನ ಕೊಯ್ಲು ಕೂಲಿಯನ್ನು ಕಳೆದು ನೋಡಬೇಕು.

ರಿಜಿಸ್ಟರ್ ಹೇಗಿರಬೇಕು

ಅತಿಥಿ ಎಲ್ಲಿಂದ ಬಂದರು, ಎಷ್ಟು ಜನ, ಎಷ್ಟು ರಾತ್ರಿ, ಒಟ್ಟು ಬಿಲ್ಲು, ನೇರ ಬುಕಿಂಗೋ ಆ್ಯಪೋ, ಕೈಗೆ ಬಂದ ಮೊತ್ತ, ಆ ದಿನದ ರೆಫರೆನ್ಸ್ ರೇಟು. ಇಷ್ಟು ಕಾಲಂಗಳು ಸಾಕು. ತಲೆಗಿಂತ ರಾತ್ರಿ ಮುಖ್ಯ: ಇಬ್ಬರು ಮೂರು ರಾತ್ರಿ ಉಳಿದರೆ ಆರು, ಆರು ಜನ ಒಂದು ರಾತ್ರಿ ಉಳಿದರೂ ಆರು.

ಹೋಲಿಸುವಾಗ ಈ ಅಕ್ಟೋಬರನ್ನು ಹೋದ ಅಕ್ಟೋಬರ್ ಜೊತೆ ಇಡಿ, ದಸರಾ ರಜೆ ಎರಡೂ ವರ್ಷ ಅದೇ ತಿಂಗಳಲ್ಲಿ ಬಿದ್ದಿತ್ತೇ ಎಂದು ನೋಡಿ. ಜೂನ್-ಜುಲೈ ಮಳೆಗೆ ಬರುವವರು ಬೇರೆ, ಮಾರ್ಚ್‌ನಲ್ಲಿ ಹೂ ಮಳೆ ಬಿದ್ದ ಮೇಲೆ ತೋಟ ಬೆಳ್ಳಗಾದಾಗ ಬರುವವರು ಬೇರೆ. ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ ವಾರಗಳನ್ನು ಪಕ್ಕದಲ್ಲಿ ಗುರುತು ಹಾಕಿ, ಇಲ್ಲದಿದ್ದರೆ ಮಳೆಯ ತಪ್ಪನ್ನು ಡಾಲರಿನ ಮೇಲೆ ಹೊರಿಸುತ್ತೀರಿ. ಗಿರಿ ಮೇಲೆ ಹೋಗಲು ವಾಹನಗಳಿಗೆ ಮುಂಗಡ ಬುಕಿಂಗ್ ಬಂದಂಥ ಬದಲಾವಣೆಗಳನ್ನೂ ಬರೆದಿಡಿ. ವಿನಿಮಯ ದರದ ಪರಿಣಾಮ ತಕ್ಷಣ ಕಾಣದು. ವಿದೇಶಿ ಪ್ರವಾಸಿಗರು ತಿಂಗಳುಗಳ ಮುಂಚೆ ಬುಕ್ ಮಾಡುವುದರಿಂದ ಇಂದಿನ ರಾತ್ರಿಗಳನ್ನು ಆರು ತಿಂಗಳ ಹಿಂದಿನ ರೇಟಿನ ಪಕ್ಕ ಇಟ್ಟು ನೋಡಬೇಕು. ಎರಡು ವರ್ಷದ, ಅಂದರೆ 24 ತಿಂಗಳ ಸಾಲುಗಳಿಲ್ಲದೆ ಯಾವ ತೀರ್ಮಾನಕ್ಕೂ ಬರಬೇಡಿ.

ಕಾಫಿ ಬೆಲೆಗೆ ಕಾಫಿ ಮಂಡಳಿಯ ಮಾರುಕಟ್ಟೆ ವರದಿ ಇದೆ. ಜಿಲ್ಲೆಯ ಒಟ್ಟು ಉತ್ಪನ್ನ, ತಲಾ ಆದಾಯದ ಅಂಕಿ ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಸಿಗುತ್ತದೆ, ಬಜೆಟ್ ಹೊತ್ತಿಗೆ ಬರುತ್ತದೆ. ಅದರಲ್ಲಿ ಸ್ಥಿರ ಬೆಲೆಯ ಪಟ್ಟಿಯನ್ನೇ ತೆಗೆಯಿರಿ, ಹೋಟೆಲು-ವ್ಯಾಪಾರದ ಸಾಲನ್ನೂ ಕೃಷಿಯ ಸಾಲನ್ನೂ ಬೇರೆ ಬೇರೆ ನೋಡಿ. ಜಿಲ್ಲೆಯ ಅಂಕಿ ರಾಜ್ಯದ್ದಕ್ಕಿಂತ ಹಳೆಯ ವರ್ಷದ್ದಾಗಿರುತ್ತದೆ, ಆದ್ದರಿಂದ ನಿಮ್ಮ ರಿಜಿಸ್ಟರಿನ ಅದೇ ವರ್ಷದ ಪುಟದ ಜೊತೆ ಹೋಲಿಸಿ, ಈ ವರ್ಷದ್ದರ ಜೊತೆ ಬೇಡ.